ಹಂದಿ ನಗಬೇಕು

ಹಂದಿ ನಗುತ್ತಿರಬೇಕು ಎಂದು ಪ್ಯೋ ಹೇಳಿದ.

ಪ್ಯೋ ಚಿಪ್ ಮಾಡುವ ಕಂಪನಿಯ ಆಡಳಿತ ವಿಭಾಗದ ಮುಖ್ಯಸ್ಥ. ನಾನು ಅದೇ ಕಂಪನಿಯ ಕ್ಯಾಂಟೀನಿನಲ್ಲಿ ಅಡುಗೆಯವಳು, ಅದೂ ಗುತ್ತಿಗೆ ಮೇಲೆ. ಅವನು ಅಡುಗೆಮನೆಗೆ ಬರುವುದೇ ಅಪರೂಪ. ಅವತ್ತು ಬಂದವನು ಬೂಟಿಗೆ ಜಿಡ್ಡು ತಾಗದ ಹಾಗೆ ಬಾಗಿಲಲ್ಲೇ ನಿಂತ.

"ಮಲ್‌ಸೂನಮ್ಮ, ಗೋಸಾಕ್ಕೆ ತಲೆ ನೀವೇ ನೋಡಿ ತರಬೇಕು. ಹೋದ ಸಲದ ಥರ ಅಳುಮೋರೆ ಹಂದಿ ತಂದೀರಿ ಮತ್ತೆ. ಹೊರದೇಶದವರು ಬರ್ತಾರೆ."

"ಸತ್ತ ಹಂದಿ ಎಷ್ಟು ನಗುತ್ತೋ ಅಷ್ಟೇ ನಗೋದು ಸಾರ್."

"ಹುಡುಕಿದ್ರೆ ಸಿಗುತ್ತೆ. ಹುಡುಕಿ."

ನಮ್ಮಲ್ಲಿ ಅಂಗಡಿ ತೆರೆದರೂ, ಹೊಸ ಯಂತ್ರ ಕೂಡಿಸಿದರೂ ಗೋಸಾ ಮಾಡದೆ ಕೆಲಸ ಶುರುವಾಗುವುದಿಲ್ಲ. ಮೇಜಿನ ನಡುವೆ ಬೇಯಿಸಿದ ಹಂದಿ ತಲೆ. ಸುತ್ತ ಅಕ್ಕಿ ಕಡುಬು, ದಾರ ಸುತ್ತಿದ ಒಣಮೀನು, ಅಕ್ಕಿ ಹೆಂಡ. ದೊಡ್ಡವರಿಂದ ಹಿಡಿದು ಚಿಕ್ಕವರವರೆಗೆ ಒಬ್ಬೊಬ್ಬರೇ ಬಂದು ನೆಲಕ್ಕೆ ಹಣೆ ಹಚ್ಚಿ, ಹಂದಿಯ ಬಾಯಿಗೆ ಬಿಳಿ ಲಕೋಟೆ ತುರುಕಿ ಹೋಗುತ್ತಾರೆ. ತಲೆ ನಗುತ್ತಿದ್ದರೆ ಶುಭ. ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆ ಕೊರೆಯುವ ಕಂಪನಿ ಇದು. ಅದರ ಅಧ್ಯಕ್ಷನಿಗೂ ಹಂದಿ ನಗದಿದ್ದರೆ ಎದೆ ಪುಕಪುಕ ಅನ್ನುತ್ತದೆ.

ಈ ಸಲದ ಗೋಸಾ ದೊಡ್ಡದು. ನಮ್ಮ ಕಂಪನಿಯೂ ಸಮುದ್ರದಾಚೆಯ ಇನ್ನೊಂದು ಕಂಪನಿಯೂ ಕೈ ಕುಲುಕಿದ್ದವು. ಇನ್ನು ಮೇಲೆ ಹೊಸ ಚಿಪ್‌ಗಳನ್ನು ಮಾಡುವ ವಿದ್ಯೆಯನ್ನು ಇಬ್ಬರೂ ಹಂಚಿಕೊಳ್ಳುತ್ತಾರಂತೆ. ಮಧ್ಯಾಹ್ನದ ಊಟದ ಹೊತ್ತಿಗೆ ಕ್ಯಾಂಟೀನಿನ ಟಿವಿಯಲ್ಲಿ ಅಧ್ಯಕ್ಷನೇ ಕಾಣಿಸಿಕೊಂಡ.

"ಅಣ್ಣತಮ್ಮಂದಿರ ನಡುವೆ ಮುಚ್ಚುಮರೆ ಇಲ್ಲ," ಎಂದ. "ಯಾವ ತೊಟ್ಟಿಗೆ ಏನು ಬೀಳುತ್ತದೆ, ಎಷ್ಟು ಬೀಳುತ್ತದೆ, ಎಲ್ಲವನ್ನೂ ಅವರ ಮುಂದೆ ತೆರೆದಿಡುತ್ತೇವೆ."

ಉಣ್ಣುತ್ತಿದ್ದ ಎಂಜಿನಿಯರುಗಳು ಚಪ್ಪಾಳೆ ತಟ್ಟಿದರು. ನಾನು ಸಾರಿನ ಸೌಟು ಹಿಡಿದು ನಿಂತಿದ್ದೆ. ಯಾವ ತೊಟ್ಟಿಗೆ ಏನು ಬೀಳುತ್ತಿತ್ತು ಎಂಬ ಇದೇ ಒಂದು ಪ್ರಶ್ನೆ ಹಿಡಿದು ನನ್ನ ತಂಗಿ ಯೊನ್‌ಸಿಲ್ ವರ್ಷಗಟ್ಟಲೆಯಿಂದ ಗೇಟಿನ ಹೊರಗೆ ಚಾಪೆ ಹಾಸಿ ಕೂತಿದ್ದಾಳೆ. ಅವಳಿಗೆ ಹೇಳಲಿಲ್ಲ. ಗುಟ್ಟು ಎಂದರು.

ನಮ್ಮಪ್ಪ ಕಲ್ಲಿದ್ದಲು ಗಣಿಯವನು. ಸಾಲಾಗಿ ಹೆಣ್ಣು ಹುಟ್ಟಿದವು. ಇದೇ ಕೊನೆಯದಾಗಲಿ ಎಂದು ನನಗೆ ಮಲ್‌ಸೂನ್ ಎಂದು ಹೆಸರಿಟ್ಟ. ಹೆಸರು ಫಲ ಕೊಡಲಿಲ್ಲ, ನನ್ನ ಬೆನ್ನಿಗೆ ಯೊನ್‌ಸಿಲ್ ಬಂದಳು. ಗಣಿ ಮುಚ್ಚಿತು. ಆ ವರ್ಷವೇ ಕಂಪನಿಯ ಬಸ್ಸು ಹೆಣ್ಣುಮಕ್ಕಳ ಶಾಲೆಯ ಮೈದಾನಕ್ಕೆ ಬಂತು. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಕೈ ನೋಡಿದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ ನೋಡಿದರು. ಸಣ್ಣ ಬೆರಳು ಬೇಕು, ಅಂಗೈ ಬೆವರಬಾರದು. ತಂಗಿ ಪಾಸಾದಳು. ನನ್ನ ಅಂಗೈ ಬೆವರುತ್ತದೆ, ಈಗಲೂ. ಹಾಗಾಗಿ ಅವಳು ಒಳಗೆ ಹೋಗಿ ಬಿಳಿ ಉಡುಪು ತೊಟ್ಟಳು, ನಾನು ಅಡುಗೆಮನೆಗೆ ಬಿದ್ದೆ. ಅವತ್ತು ನಾನು ಅತ್ತಿದ್ದೆ. ಈಗ ಅನ್ನಿಸುತ್ತದೆ, ನನ್ನ ಬೆವರೇ ನನ್ನ ಜೀವ ಕಾಯಿತು.

ಆ ಬಿಳಿ ಉಡುಪಿನಲ್ಲಿ ಕಣ್ಣೊಂದನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅವಳ ಮೈಯ ಧೂಳು ಚಿಪ್ ಕೊರೆಯುವ ಬಿಲ್ಲೆಗಳಿಗೆ ತಾಗಬಾರದು ಎಂದು ಆ ಉಡುಪು. ಅವಳಿಗೆ ಏನು ತಾಗುತ್ತದೆ ಎಂದು ಯಾರೂ ಯೋಚಿಸಲಿಲ್ಲ. ಬಿಲ್ಲೆ ತುಂಬಿದ ಬುಟ್ಟಿಯನ್ನು ರಾಸಾಯನಿಕ ನೀರಿನ ತೊಟ್ಟಿಯಲ್ಲಿ ಅದ್ದಬೇಕು, ಎತ್ತಬೇಕು, ಮುಂದಿನ ತೊಟ್ಟಿಗೆ ಹಾಕಬೇಕು. ಪಾಳಿ ಮುಗಿಯುವ ತನಕ ನಿಂತೇ ಇರಬೇಕು. ಯಂತ್ರ ನಿಧಾನ ಎಂದು ಮೇಲ್ವಿಚಾರಕ ಅದರ ಮುಚ್ಚಳ ತೆಗೆಸಿ ಕೈಯಿಂದಲೇ ಎತ್ತಿಸುತ್ತಿದ್ದ. ಉಚ್ಚೆಗೆ ಹೋಗಬೇಕೆಂದರೆ ಉಡುಪೆಲ್ಲ ಬಿಚ್ಚಿ ಮತ್ತೆ ತೊಡಬೇಕು, ಅದಕ್ಕೇ ಹುಡುಗಿಯರು ನೀರು ಕುಡಿಯುತ್ತಿರಲಿಲ್ಲ. ತೊಟ್ಟಿಯಿಂದ ಹಣ್ಣಾದ ಕರಬೂಜದ ವಾಸನೆ ಬರುತ್ತಿತ್ತಂತೆ. ಅವರು ಅದನ್ನು ಕರಬೂಜದ ನೀರು ಎಂದೇ ಕರೆದರು. ಕೆಲವು ತಿಂಗಳಲ್ಲಿ ಮುಟ್ಟು ನಿಂತಿತು, ಒಬ್ಬಳಿಗಲ್ಲ, ಇಡೀ ಸಾಲಿಗೆ. ಹುಡುಗಿಯರು ಖುಷಿಪಟ್ಟರು. ಉಡುಪು ಬಿಚ್ಚುವ ತಾಪತ್ರಯ ತಪ್ಪಿತಲ್ಲ ಎಂದು ನಕ್ಕರು. ತಂಗಿ ಮನೆಗೆ ಬಂದಾಗ ನನಗೂ ಹೇಳಿ ನಗಿಸಿದ್ದಳು.

ಆಮೇಲೆ ಒಂದು ಬೆಳಗ್ಗೆ ಹಲ್ಲುಜ್ಜುವಾಗ ವಸಡಿನ ರಕ್ತ ನಿಲ್ಲಲಿಲ್ಲ. ಮೂಳೆಯೊಳಗೆ ರಕ್ತ ಹುಟ್ಟುವುದೇ ನಿಂತಿದೆ ಎಂದರು ಡಾಕ್ಟರು. ಈಗ ಅವಳು ಬದುಕಿರುವುದು ಕಂಡವರ ರಕ್ತದಲ್ಲಿ.

ಕೆಲಸದಿಂದ ಬಂದ ಕಾಯಿಲೆಗೆ ಪರಿಹಾರ ಕೊಡುವ ಸರ್ಕಾರದ ಮಂಡಳಿಯೊಂದಿದೆ. ಅಲ್ಲಿಗೆ ಅವಳನ್ನು ಕರೆದುಕೊಂಡು ಹೋದೆ. ಉದ್ದ ಮೇಜಿನ ಆಚೆ ಗಂಡಸರು ಕೂತಿದ್ದರು.

"ಯಾವ ರಾಸಾಯನಿಕ ಅಂತ ಹೆಸರು ಹೇಳಮ್ಮ," ಎಂದ ಒಬ್ಬ.

"ಕರಬೂಜದ ವಾಸನೆ ಬರ್ತಿತ್ತು ಸಾರ್," ಎಂದಳು ತಂಗಿ.

ಅವರಲ್ಲೊಬ್ಬ ನಕ್ಕ. "ಕರಬೂಜದಿಂದ ಯಾರಿಗೂ ರಕ್ತ ಕೆಟ್ಟಿದ್ದು ನಾ ಕೇಳಿಲ್ಲ."

ಕಂಪನಿಯ ವಕೀಲ ಎದ್ದು ನಿಂತ. ತೊಟ್ಟಿಯಲ್ಲಿ ಏನಿತ್ತು ಎಂಬುದು ವ್ಯಾಪಾರದ ಗುಟ್ಟು, ಅದು ಹೊರಗೆ ಹೋದರೆ ಬೇರೆ ದೇಶದ ಕಂಪನಿಗಳ ಪಾಲಾಗುತ್ತದೆ, ದೇಶಕ್ಕೇ ನಷ್ಟ ಎಂದ. ದೇಶದ ಲೆಕ್ಕದಲ್ಲಿ ನನ್ನ ತಂಗಿ ಇರಲಿಲ್ಲ. ಹೆಸರಿಲ್ಲದೆ ಮಂಡಳಿ ಒಪ್ಪುವುದಿಲ್ಲ. ಹೆಸರು ಇರುವುದು ಕಂಪನಿಯ ಹತ್ತಿರ. ಕಂಪನಿ ಕೊಡುವುದಿಲ್ಲ. ಕಳ್ಳನ ಕೈಗೇ ಬೀಗದಕೈ ಕೊಟ್ಟು ನಮ್ಮನ್ನು ಬಾಗಿಲು ತೆಗೆಯಿರಿ ಎಂದರು. ಈ ತಿಂಗಳ ಕೊನೆಗೆ ಮಂಡಳಿ ಕೊನೆಯ ಸಲ ಕೂರುತ್ತದೆ. ಅವತ್ತೂ ಹೆಸರಿಲ್ಲದೆ ಹೋದರೆ ಕಡತ ಮುಚ್ಚಿ ಕಟ್ಟಿಡುತ್ತಾರೆ.

ಗುಟ್ಟು ಕಾಯುವುದರಲ್ಲಿ ಕಂಪನಿ ಬಲು ಹುಷಾರು. ಒಳಗೆ ಬರುವಾಗ ನಮ್ಮ ಫೋನಿನ ಕಣ್ಣಿಗೆ ಪಟ್ಟಿ ಅಂಟಿಸುತ್ತಾರೆ. ಹೊರಗೆ ಹೋಗುವಾಗ ಕಿಮ್ಚಿ ಉಪ್ಪಿನಕಾಯಿಯ ಡಬ್ಬಿಯನ್ನೂ ಬಿಚ್ಚಿ ನೋಡುತ್ತಾರೆ. ಗೇಟಿನಲ್ಲಿ ಬ್ಯೊನ್ ಎಂಬ ಮುದುಕ ಇದ್ದಾನೆ. ನಾನು ಹುಡುಗಿಯಾಗಿದ್ದಾಗಿನಿಂದ ನನ್ನನ್ನು ಕಂಡವನು. ಆದರೂ ದಿನಾ ಅದೇ ಮಾತು ಕೇಳುತ್ತಾನೆ, "ಕಂಪನಿ ಸ್ವತ್ತು ಏನಾದ್ರೂ ಇದೆಯಾ?" ದಿನಾ ನಾನು ಇಲ್ಲ ಅನ್ನುತ್ತೇನೆ.

ಗೋಸಾದ ಹಿಂದಿನ ದಿನ ಪೇಟೆಗೆ ಹೋದೆ. ಕಸಾಯಿ ಅಂಗಡಿಯ ಹೆಂಗಸು ಕೊಕ್ಕೆಗೆ ಸಿಕ್ಕಿಸಿದ್ದ ತಲೆಗಳನ್ನು ಒಂದೊಂದಾಗಿ ತಿರುಗಿಸಿ ತೋರಿಸಿದಳು.

"ನಗೋದು ಬೇಕಾ? ಅದಕ್ಕೆ ಬೇರೆ ರೇಟು ಕಣಕ್ಕಾ. ಮನುಷ್ಯರ ಥರಾನೇ, ನಗೋವಕ್ಕೆ ಜಾಸ್ತಿ ಬೆಲೆ."

ತಲೆಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದೆ. ಕಲ್ಲಿನಷ್ಟು ಭಾರ. ಅಡುಗೆಮನೆಯ ನೀರಿನ ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ರೇಜರಿನಿಂದ ಕೂದಲು ಕೆರೆದೆ. ಕಿವಿಯ ಒಳಗೆ, ಮೂಗಿನ ಮಡಿಕೆಯಲ್ಲಿ, ಗದ್ದದ ಕೆಳಗೆ. ರೇಜರು ಜಾರಿ ಬೆರಳು ಕೊಯ್ದಿತು. ಹಂದಿಯ ಮೂಗಿಗೆ ನನ್ನ ರಕ್ತ ತಾಗಿತು, ತೊಳೆದೆ. ಉಳಿದ ಕೂದಲನ್ನು ಬೆಂಕಿಗೆ ಹಿಡಿದು ಸುಟ್ಟೆ. ಹುದುಗಿಸಿದ ಸೋಯಾ ಮುದ್ದೆ, ಶುಂಠಿ ಹಾಕಿ ಕುದಿಯಲಿಟ್ಟೆ. ಹಂದಿ ನಗುವುದಿಲ್ಲ. ಕುದಿಯುವ ನೀರಿಗೆ ತುಟಿ ಸುಕ್ಕುಗಟ್ಟಿ ಹಿಂದೆ ಸರಿಯುತ್ತದೆ, ಹಲ್ಲು ಕಾಣುತ್ತದೆ. ಬಾಯಿ ಮುಚ್ಚಿಕೊಳ್ಳದ ಹಾಗೆ ಒಳಗೊಂದು ಕಡ್ಡಿ ಕೊಡಬೇಕು. ಅದನ್ನು ನಗು ಅನ್ನುತ್ತಾರೆ.

ಕಡ್ಡಿ ಸಿಕ್ಕಿಸುತ್ತಿರುವಾಗ ಪ್ಯೋ ಮತ್ತೆ ಬಂದ. ಈ ಸಲ ಒಳಗೇ ಬಂದ. ತಲೆ ನೋಡಿ ಖುಷಿಪಟ್ಟ.

"ಭೇಷ್. ಏನ್ ನಗು. ಮಲ್‌ಸೂನಮ್ಮ, ನಾಳೆ ನೀವೂ ಅಡ್ಡ ಬೀಳಬೇಕು. ನಮ್ಮ ಹಳೇ ಕುಟುಂಬದವರು ಅಂತ ಅಧ್ಯಕ್ಷರು ನಿಮ್ಮನ್ನ ಕರೀತಾರೆ. ರೇಷ್ಮೆ ಬಟ್ಟೆ ನಾವೇ ಕೊಡ್ತೀವಿ. ಸ್ವಲ್ಪ ನಗ್ತಾ ಇರಿ."

"ನನ್ನ ಬಾಯಿಗೂ ಕಡ್ಡಿ ಕೊಡ್ತೀರಾ?"

ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ. "ಇನ್ನೊಂದು ಮಾತು. ನಿಮ್ಮ ತಂಗಿ ನಾಳೆ ಒಂದಿನ ಚಾಪೆ ಸುತ್ತಿಟ್ಕೊಳ್ಳಲಿ. ಅತಿಥಿಗಳ ಕಾರು ಅದೇ ದಾರೀಲಿ ಬರುತ್ತೆ. ನಿಮ್ಮ ಗುತ್ತಿಗೆ ವಿಷಯ ನನ್ನ ತಲೇಲಿದೆ, ಕಾಯಂ ಮಾಡಿಸೋಣ."

"ಆ ನೀರಿನ ಹೆಸರು ಹೇಳಿ ಸಾರ್. ಅವಳು ಇವತ್ತೇ ಚಾಪೆ ಸುತ್ತುತ್ತಾಳೆ, ನಾಳೆ ತನಕ ಯಾಕೆ."

"ಎಷ್ಟು ಸಲ ಹೇಳೋದು? ಅದು ಗುಟ್ಟು."

"ಅವರಿಗೆ ಹೇಳ್ತೀರಂತಲ್ಲ?"

"ಅವರು ಪಾಲುದಾರರು."

"ಯೊನ್‌ಸಿಲ್ ಏನು?"

ಪ್ಯೋ ಹಂದಿಯ ಕಡೆ ನೋಡಿದ. "ಅವಳು ಕೆಲಸ ಬಿಟ್ಟವಳಲ್ವಾ," ಎಂದ.

ಕೆಲಸ ಬಿಟ್ಟವಳು. ಮೈಯಲ್ಲಿದ್ದ ರಕ್ತವನ್ನೆಲ್ಲ ಕೊಟ್ಟು ಬಂದವಳನ್ನು ಕೆಲಸ ಬಿಟ್ಟವಳು ಎಂದ. ಅವನು ಹೋದ ಮೇಲೆ ತಲೆಯ ಮೇಲೆ ಬಟ್ಟೆ ಮುಚ್ಚಿದೆ. ನನಗೆ ಅದರ ಮುಖ ನೋಡಲಾಗಲಿಲ್ಲ.

ಸಂಜೆ ತಂಗಿಗೆ ಗಂಜಿ ಒಯ್ದೆ. ಉಣ್ಣೆಯ ಟೋಪಿ ಕಿವಿ ತನಕ ಎಳೆದುಕೊಂಡು ಕೂತಿದ್ದಳು. ಎದುರಿಗೆ ಅವಳ ಫಲಕ. ನನ್ನೊಳಗೇನಿದೆ, ಹೆಸರು ಹೇಳಿ ಎಂದು ಅದರ ಮೇಲೆ ಬರೆದಿತ್ತು. ಅಕ್ಷರ ಬಿಸಿಲಿಗೆ ಮಾಸಿದ್ದವು.

"ತಲೆ ನಗುತ್ತಾ ಅಕ್ಕಾ?"

"ನಿನಗಿಂತ ಚೆನ್ನಾಗಿ ನಗುತ್ತೆ ಕಣೇ."

"ಅದಕ್ಕೇನು, ನೋಯೋಕೆ ತಲೆ ಬಿಟ್ರೆ ಬೇರೇನೂ ಇಲ್ವಲ್ಲ," ಎಂದಳು. ನಾನು ಪ್ಯೋ ಹೇಳಿದ್ದನ್ನೆಲ್ಲ ಹೇಳಿದೆ. ಅವಳು ಗಂಜಿ ಕುಡಿಯುತ್ತ ಕೇಳಿಸಿಕೊಂಡಳು.

"ಅಡ್ಡ ಬೀಳು ಅಕ್ಕಾ. ಕೆಲಸ ಉಳಿಸ್ಕೋ. ಹಂದಿಗೆ ತಾನೆ ಬೀಳೋದು, ಅವರಿಗಲ್ಲವಲ್ಲ."

"ಮತ್ತೆ ನಿನ್ನ ಚಾಪೆ?"

"ಚಾಪೆ ಸುತ್ತಲ್ಲ." ಗಂಜಿಯ ಬಟ್ಟಲು ಕೆಳಗಿಟ್ಟಳು. "ಅಲ್ಲಕ್ಕಾ, ಆ ಹೊರದೇಶದವನು ನನ್ನ ಮುಖಾನೂ ನೋಡಿಲ್ಲ. ನನ್ನ ಮೈಯೊಳಗೇನಿದೆ ಅಂತ ಅವನಿಗೆ ನಾಳೆ ಗೊತ್ತಾಗುತ್ತೆ. ನಂಗೆ ಗೊತ್ತಾಗಲ್ಲ. ಇದ್ಯಾವ ಸೀಮೆ ನ್ಯಾಯ?"

ಅವಳಿಗೆ ಕೋಪ ಬರುವುದು ಕಡಿಮೆ. ಕೋಪಕ್ಕೂ ರಕ್ತ ಬೇಕು. ಅವಳ ಪಾಲಿನದನ್ನೂ ಸೇರಿಸಿ ನಾನೇ ಸಿಟ್ಟಾಗಬೇಕಾಗಿತ್ತು.

ಮರುದಿನ ಹೊಸ ಕಟ್ಟಡದ ಹಜಾರದಲ್ಲಿ ಗೋಸಾ. ಗಾಜಿನ ಗೋಡೆಯ ಆಚೆ ಹೊಸ ಯಂತ್ರಗಳು, ಈಚೆ ನನ್ನ ಹಂದಿ ತಲೆ. ಅತಿಥಿಗಳು ಬಂದರು. ಅವರ ಮುಖ್ಯಸ್ಥ ಎತ್ತರದ ಆಳು, ಬಿಳಿಗೂದಲು. ಹಂದಿಯನ್ನು ನೋಡಿ ಏನೋ ಕೇಳಿದ. ಭಾಷೆ ತಿರುಗಿಸುವ ಹುಡುಗಿಯೊಬ್ಬಳು ನಡುವೆ ನಿಂತಿದ್ದಳು.

"ಹಂದಿ ಯಾಕೆ ನಗ್ತಿದೆ ಅಂತ ಕೇಳ್ತಿದಾರೆ ಸಾರ್," ಎಂದಳು.

"ನಮ್ಮಲ್ಲಿ ದುಡಿದವರೆಲ್ಲ ಸುಖವಾಗಿದಾರೆ, ಅದಕ್ಕೆ ನಗ್ತಿದೆ ಅಂತ ಹೇಳಮ್ಮ," ಎಂದ ಅಧ್ಯಕ್ಷ. ಎಲ್ಲರೂ ನಕ್ಕರು.

ಅಧ್ಯಕ್ಷ ಅಡ್ಡಬಿದ್ದ. ಹೊರದೇಶದವನು ಅವನನ್ನು ನೋಡಿಕೊಂಡು ಸೊಟ್ಟಸೊಟ್ಟಗೆ ಅಡ್ಡಬಿದ್ದ. ಎಂಜಿನಿಯರುಗಳು ಬಿದ್ದರು. ಲಕೋಟೆಗಳಿಂದ ಹಂದಿಯ ಬಾಯಿ ತುಂಬಿತು, ಮೂಗಿನ ಹೊಳ್ಳೆಗೂ ಸಿಕ್ಕಿಸಿದರು. ಆಮೇಲೆ ಪ್ಯೋ ನನ್ನ ಮೊಣಕೈ ಮುಟ್ಟಿ ಮುಂದೆ ತಳ್ಳಿದ.

"ಇವರು ನಮ್ಮ ಕ್ಯಾಂಟೀನಿನ ತಾಯಿ," ಎಂದ ಅಧ್ಯಕ್ಷ. "ಇವರು ಬಡಿಸಿದ ಅನ್ನ ಉಂಡೇ ನಾವು ಇಷ್ಟು ಬೆಳೆದಿದ್ದೇವೆ. ನಮ್ಮದು ಒಂದೇ ಮನೆ, ಒಂದೇ ಕುಟುಂಬ."

ಚಾಪೆಯ ಮೇಲೆ ನಿಂತೆ. ಬಾಡಿಗೆಯ ರೇಷ್ಮೆ ಕಂಕುಳಲ್ಲಿ ಬಿಗಿಯುತ್ತಿತ್ತು. ಕೈ ಹಣೆಗೆ ಬರಬೇಕು, ಮಂಡಿ ಮಡಿಯಬೇಕು. ಬೀಳೋಣ ಎಂದೇ ಬಂದಿದ್ದೆ, ಅದೂ ನಿಜ. ತಂಗಿಯ ಔಷಧಿ ನನ್ನ ಸಂಬಳದ ಮೇಲೆ ನಡೆಯುತ್ತದೆ. ಆದರೆ ಒಂದೇ ಕುಟುಂಬ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮಂಡಿ ಮಡಿಯಲಿಲ್ಲ. ನನ್ನ ಅಂಗೈ ಬೆವರಿತು. ನಾನು ಹೊರದೇಶದವನ ಕಡೆ ತಿರುಗಿದೆ.

"ನಿಮ್ಮನ್ನ ಒಂದು ಮಾತು ಕೇಳ್ಬೇಕು," ಎಂದೆ. "ನಾನೇನೂ ಬೇಡ್ತಿಲ್ಲ. ನನ್ನ ತಂಗಿ ಇವರ ತೊಟ್ಟೀಲಿ ಕೈಯಿಟ್ಟು ದುಡಿದ್ಲು. ಅವಳ ರಕ್ತ ಬತ್ತಿಹೋಯ್ತು. ತೊಟ್ಟೀಲಿ ಏನಿತ್ತು ಅಂದ್ರೆ ಇವರು ಹೇಳಲ್ಲ. ನಿಮಗೆ ಹೇಳಿದಾರೆ. ಅದರ ಹೆಸರೇನು, ನೀವೇ ಹೇಳಿಬಿಡಿ. ಗೇಟಿನ ಹತ್ರ ಟೋಪಿ ಹಾಕ್ಕೊಂಡು ಕೂತಿದಾಳಲ್ಲ, ನೀವು ಬರ್ತಾ ನೋಡಿರ್ತೀರಿ, ಅವಳೇ."

ಭಾಷೆ ತಿರುಗಿಸುವ ಹುಡುಗಿ ನನ್ನನ್ನು ನೋಡಿದಳು, ಅಧ್ಯಕ್ಷನನ್ನು ನೋಡಿದಳು. ಅಧ್ಯಕ್ಷ ನಗುಮುಖ ಬಿಡದೆ ಅವಳಿಗೆ ಮೆಲ್ಲಗೆ ಏನೋ ಹೇಳಿದ. ಹುಡುಗಿ ತಲೆ ತಗ್ಗಿಸಿದಳು. ಆಮೇಲೆ ಅತಿಥಿಗೆ ಎರಡೇ ಮಾತಿನಲ್ಲಿ ತಿರುಗಿಸಿದಳು.

ಅತಿಥಿಯ ಮುಖ ಅರಳಿತು. ಎದೆಯ ಮೇಲೆ ಕೈಯಿಟ್ಟು ನನಗೆ ಬಾಗಿ ಚಪ್ಪಾಳೆ ತಟ್ಟಿದ. ಅವನ ಹಿಂದಿದ್ದವರೂ ತಟ್ಟಿದರು. ನಾನು ಕೇಳಿದ್ದು ಪ್ರಶ್ನೆ. ಪ್ರಶ್ನೆಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ನಾನು ಕೂಗಾಡಲಿಲ್ಲ. ಯಾರ ಭಾಷೆಯಲ್ಲಿ ಕೂಗುವುದು? ನೆಟ್ಟಗೆ ಮೇಜಿನ ಹತ್ತಿರ ಹೋದೆ. ಹಂದಿಯ ಬಾಯಿಂದ ಲಕೋಟೆಗಳನ್ನು ಒಂದೊಂದಾಗಿ ಎಳೆದು ಕಡುಬಿನ ಪಕ್ಕ ಇಟ್ಟೆ. ಅವು ಅವರವು. ಕಡ್ಡಿಯನ್ನೂ ಕಿತ್ತು ಇಟ್ಟೆ. ಹಂದಿಯ ಬಾಯಿ ಮುಚ್ಚಿತು. ತಲೆಯನ್ನು ಎತ್ತಿ ಸೊಂಟದ ಮೇಲೆ ಕೂಡಿಸಿಕೊಂಡೆ. ಅದರ ಕೊಬ್ಬು ಬಾಡಿಗೆ ರೇಷ್ಮೆಗೆಲ್ಲ ಬಳಿಯಿತು.

ಈಗ ಅಧ್ಯಕ್ಷನ ನಗು ಹೋಯಿತು. ನಾನು ಕೇಳಿದ ಮಾತಿಗೆ ಹೋಗಲಿಲ್ಲ, ಹಂದಿ ತಲೆಗೆ ಹೋಯಿತು. ಅರ್ಧ ಗೋಸಾದಲ್ಲಿ ತಲೆ ಎದ್ದು ಹೋದರೆ ಅದಕ್ಕಿಂತ ದೊಡ್ಡ ಅಪಶಕುನ ಇಲ್ಲ. ಎಂಜಿನಿಯರುಗಳೂ ಬಿಳಿಚಿಕೊಂಡರು. ಯಂತ್ರ ಶುರುಮಾಡುವ ಗುಂಡಿಯ ಮೇಲಿನ ಕೆಂಪು ಬಟ್ಟೆಯನ್ನು ಇನ್ನೂ ತೆಗೆದಿರಲಿಲ್ಲ.

ನಾನು ತಲೆ ಹೊತ್ತು ಹೊರಗೆ ನಡೆದೆ. ಪ್ಯೋ ಅಂಗಳದಲ್ಲಿ ಓಡಿಬಂದು ಅಡ್ಡ ನಿಂತ.

"ಮಲ್‌ಸೂನಮ್ಮ, ತಲೆ ಇಟ್ಟು ಹೋಗಿ. ಮಿಕ್ಕಿದ್ದು ಆಮೇಲೆ ಮಾತಾಡೋಣ."

"ಆಮೇಲೆ ಆಮೇಲೆ ಅಂತ ಅವಳ ಕೂದಲೆಲ್ಲ ಉದುರಿತು."

"ಅದು ಕಂಪನಿ ದುಡ್ಡಲ್ಲಿ ತಂದಿದ್ದು. ಕಳ್ಳತನ ಆಗುತ್ತೆ ಕಣಮ್ಮಾ."

"ಸಂಬಳದಲ್ಲಿ ಹಿಡ್ಕೊಳ್ಳಿ."

"ಇಷ್ಟು ವರ್ಷ ಉಂಡ ಮನೆಗೆ ಎರಡು ಬಗೀತಿದೀರಲ್ಲ."

"ಉಂಡಿದ್ದು ನೀವು ಸಾರ್. ಬಡಿಸಿದ್ದು ನಾನು."

ಅವನ ಹಣೆಯಲ್ಲಿ ಬೆವರು ಮೂಡಿತ್ತು. ಹಿಂದೆ ತಿರುಗಿ ನೋಡಿದ. ಗಾಜಿನ ಹಿಂದೆ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಅವನ ದನಿ ಇಳಿಯಿತು.

"ಏನು ಬೇಕು ಹೇಳಿ. ಕಾಯಂ ಮಾಡಿಸ್ತೀನಿ. ತಂಗೀಗೆ ಸಹಾಯನಿಧಿಯಿಂದ ಏನಾದ್ರೂ ಕೊಡಿಸ್ತೀನಿ. ನನ್ನ ಕೆಲಸ ಹೋಗುತ್ತೆ ಅಮ್ಮಾ."

"ಹೆಸರು ಹೇಳಿ, ತಲೆ ತಗೊಳ್ಳಿ."

ಅವನು ಬಾಯಿ ತೆರೆದ. ಹೇಳಿಯೇಬಿಡುತ್ತಾನೆ ಅನ್ನಿಸಿತು.

"ನನಗೇ ಗೊತ್ತಿಲ್ಲ," ಎಂದ ಪ್ಯೋ. "ನಿಜವಾಗ್ಲೂ. ನಮಗೂ ಯಾರೂ ಹೇಳಿಲ್ಲ."

ಇಷ್ಟು ವರ್ಷ ಗುಟ್ಟು ಗುಟ್ಟು ಎಂದು ನಮ್ಮ ಬಾಯಿ ಮುಚ್ಚಿಸಿದವನಿಗೂ ಅದು ಗೊತ್ತಿರಲಿಲ್ಲ. ಅವನ ಮೇಲೆ ಕೋಪ ಮಾಡಿಕೊಳ್ಳಲೂ ಆಗದ ಹಾಗೆ ಮಾಡಿದ. ನಾನು ಅವನ ಪಕ್ಕದಿಂದ ಸರಿದು ಮುಂದೆ ನಡೆದೆ. ಹಿಂದೆ ಯಾರೋ ಫೋನಿನಲ್ಲಿ ಬೇರೆ ತಲೆ ತರಿಸಿ, ಯಾವುದಾದರೂ ಸರಿ, ಬೇಗ ತರಿಸಿ ಎಂದು ಹೇಳುತ್ತಿದ್ದುದು ಕೇಳಿಸಿತು. ತರಿಸಿಕೊಳ್ಳುತ್ತಾರೆ. ಪೇಟೆ ದೂರವೇನಿಲ್ಲ. ಸಂಜೆಗೆ ಅವರ ಯಂತ್ರ ತಿರುಗುತ್ತದೆ. ತಿಂಗಳ ಕೊನೆಗೆ ನನ್ನ ತಂಗಿ ಆ ಉದ್ದ ಮೇಜಿನ ಮುಂದೆ ನಿಂತು ಮತ್ತೆ ಕರಬೂಜದ ವಾಸನೆ ಎಂದೇ ಹೇಳಬೇಕು. ನನಗೆ ನಾಳೆ ಕೆಲಸ ಇರುವುದಿಲ್ಲ. ಇದೆಲ್ಲ ಗೊತ್ತಿದ್ದೂ ತಲೆಯನ್ನು ಇಳಿಸಲು ನನ್ನ ಕೈ ಒಪ್ಪಲಿಲ್ಲ.

ಗೇಟಿನಲ್ಲಿ ಬ್ಯೊನ್ ಮುದುಕ ಅಡ್ಡಗೋಲು ಇಳಿಸಿಕೊಂಡು ನಿಂತಿದ್ದ. ಅದರ ಆಚೆ ಚಾಪೆಯ ಮೇಲಿಂದ ಯೊನ್‌ಸಿಲ್ ಎದ್ದು ನಿಲ್ಲಲು ನೋಡುತ್ತಿದ್ದಳು. ಒಂದು ಕೈ ನೆಲಕ್ಕೆ ಊರಿದ್ದಳು. ಮುದುಕ ನನ್ನ ರೇಷ್ಮೆ ನೋಡಿದ, ಸೊಂಟದ ಮೇಲಿನ ಹಂದಿ ತಲೆ ನೋಡಿದ. ದಿನಾ ಕೇಳುವುದನ್ನೇ ಕೇಳಿದ.

"ಕಂಪನಿ ಸ್ವತ್ತು ಏನಾದ್ರೂ ಇದೆಯಾ?"

"ಇದು ಬರೀ ಹಂದಿ ತಲೆ ಅಜ್ಜಾ," ಎಂದೆ. "ಕಂಪನಿ ಸ್ವತ್ತು ಅಗೋ, ಅವಳ ಮೈಯೊಳಗಿದೆ. ದಿನಾ ನಿನ್ನ ಕಣ್ಣೆದುರೇ ಹೊರಗೆ ಹೋಯ್ತು. ನೀನು ಅವಳ ಡಬ್ಬಿ ನೋಡಿದೆ, ಚೀಲ ನೋಡಿದೆ. ಅವಳನ್ನ ನೋಡಲಿಲ್ಲ."

ಮುದುಕ ಅಡ್ಡಗೋಲು ಎತ್ತಿದ.